ಕೆ. ಶೇಷಾದ್ರಿ ಅಯ್ಯರ್

ಸರ್ ಕೆ. ಶೇಷಾದ್ರಿ ಅಯ್ಯರ್ (1 ಜೂನ್ 1845 – 13 ಸೆಪ್ಟೆಂಬರ್ 1901) ಮೈಸೂರು ಸಂಸ್ಥಾನದ ದಿವಾನರಾಗಿ 1883ರಿಂದ 1901ರವರೆಗೆ ಆಡಳಿತ ನಡೆಸಿದವರು. ಕಾವೇರಿಯ ಶಿವನಸಮುದ್ರ ಜಲಪಾತದಿಂದ ವಿದ್ಯುಚ್ಛಕ್ತಿ ಉತ್ಪಾದಿಸುವ ಯೋಜನೆಯು ಇವರ ಅವಧಿಯಲ್ಲಿ ರೂಪುಗೊಂಡಿತು. ಮುಂದೆ ಬೆಂಗಳೂರು ಮತ್ತು ಮೈಸೂರು ನಗರಗಳು ಬೆಳಕು ಕಂಡದ್ದು ಈ ಯೋಜನೆಯಿಂದ.

ಆರಂಭಿಕ ಜೀವನ

ಇವರು ಇಂದಿನ ಕೇರಳದ ಪಾಲಕ್ಕಾಡ್ ಪ್ರದೇಶದಲ್ಲಿ ಜನಿಸಿದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ದಿವಾನ್ ರಂಗಾಚಾರ್ಲು ಅವರ ನಿಧನಾನಂತರ ಆ ಪದವಿಗೆ ಬಂದರು. 1894ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ತೀರಿಕೊಂಡ ಮೇಲೆ, ವಾಣಿವಿಲಾಸ ಸನ್ನಿಧಾನದವರ ರಾಜಪ್ರತಿನಿಧಿತ್ವದಲ್ಲಿಯೂ ದಿವಾನರಾಗಿ ಮುಂದುವರಿದರು.

ಶಿವನಸಮುದ್ರ ಯೋಜನೆ

ಕೋಲಾರದ ಚಿನ್ನದ ಗಣಿಗಳ ಯಂತ್ರಗಳು ಆಗ ಉಗಿಯ ಬಲದಿಂದ ನಡೆಯುತ್ತಿದ್ದವು. ಇಂಧನದ ವೆಚ್ಚ ಅಪಾರವಾಗಿತ್ತು. ಜಲಪಾತದ ಶಕ್ತಿಯನ್ನು ಗಣಿಗಳಿಗೆ ಒಯ್ಯುವ ಯೋಜನೆಯನ್ನು ಸಂಸ್ಥಾನದ ಎಂಜಿನಿಯರ್ ಎ. ಜೋಲಿ ಡಿ ಲಾಟ್ಬಿನಿಯರ್ ಸಿದ್ಧಪಡಿಸಿದರು. ಭಾರತದಲ್ಲಿ ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ ಪೂರ್ವನಿದರ್ಶನವಿರಲಿಲ್ಲ. ಪ್ರಯತ್ನ ವಿಫಲವಾದರೆ ನಷ್ಟವು ಸಂಸ್ಥಾನದ ಬೊಕ್ಕಸಕ್ಕೇ ಆಗುತ್ತಿತ್ತು. ಆದರೂ ಶೇಷಾದ್ರಿ ಅಯ್ಯರ್ ಯೋಜನೆಯನ್ನು ಬೆಂಬಲಿಸಿದರು.

ಯೋಜನೆಯ ವೈಜ್ಞಾನಿಕ ತತ್ತ್ವ

ವಿದ್ಯುತ್ ಹರಿಯುವ ತಂತಿಯು ದಿಕ್ಸೂಚಿಯ ಮುಳ್ಳನ್ನು ತಿರುಗಿಸುವುದೆಂದು 1820ರಲ್ಲಿ ಅರ್ಸ್ಟೆಡ್ ತೋರಿಸಿದ್ದರು. ಇದರ ವಿಲೋಮಕ್ರಿಯೆಯನ್ನು, ಅಂದರೆ ತಂತಿಯ ಸುರುಳಿಯ ಬಳಿ ಕಾಂತವು ಚಲಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುವುದನ್ನು, 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದರು. ಶಿವನಸಮುದ್ರದಲ್ಲಿ ಆ ಚಲನೆಯನ್ನು ಒದಗಿಸಿದ್ದು ಕಾವೇರಿಯ ನೀರು: ಧುಮುಕುವ ನೀರು ಟರ್ಬೈನನ್ನು ತಿರುಗಿಸುತ್ತದೆ, ಟರ್ಬೈನು ಜನರೇಟರನ್ನು ತಿರುಗಿಸುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ತಿರುಗುವ ಭಾಗಗಳಿಲ್ಲ. ಕಬ್ಬಿಣದ ತಿರುಳಿನಲ್ಲಿ ಏರಿಳಿಯುವ ಕಾಂತತ್ವವೇ ಎರಡನೆಯ ಸುರುಳಿಯಲ್ಲಿ ವಿದ್ಯುತ್ತನ್ನು ಉಂಟುಮಾಡುತ್ತದೆ. ಹೀಗೆ ವೋಲ್ಟೇಜನ್ನು ಹೆಚ್ಚಿಸಿದಾಗ ಅದೇ ಶಕ್ತಿಗೆ ಕಡಿಮೆ ಪ್ರವಾಹ ಸಾಕಾಗಿ, ತಂತಿಯು ಬಿಸಿಯಾಗಿ ಆಗುವ ನಷ್ಟ ತಗ್ಗುತ್ತದೆ. ದೂರದ ಸಾಗಣೆ ಸಾಧ್ಯವಾದದ್ದು ಇದರಿಂದಲೇ.

ನಿಧನ

ಅನಾರೋಗ್ಯದಿಂದ 1901ರಲ್ಲಿ ನಿವೃತ್ತರಾದ ಅವರು ಅದೇ ವರ್ಷ ಸೆಪ್ಟೆಂಬರ್ 13ರಂದು ನಿಧನರಾದರು. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗಳನ್ನು ತಲುಪಿದ್ದು 30 ಜೂನ್ 1902ರಂದು. ತಾವು ಹೊಣೆ ಹೊತ್ತ ಕಾರ್ಯದ ಫಲವನ್ನು ಕಾಣುವ ಅವಕಾಶ ಅವರಿಗೆ ಒದಗಲಿಲ್ಲ.

ಮೈಸೂರು ನಗರಕ್ಕೆ ವಿದ್ಯುತ್

ಬೆಂಗಳೂರಿನಲ್ಲಿ 1905ರಲ್ಲಿಯೂ ಮೈಸೂರಿನಲ್ಲಿ 1908ರಲ್ಲಿಯೂ ವಿದ್ಯುದ್ದೀಪಗಳು ಬೆಳಗಿದವು. ಇಂದು ದಸರೆಯ ರಾತ್ರಿಗಳಲ್ಲಿ ಚಾಮುಂಡಿ ಬೆಟ್ಟದಿಂದ ನೋಡಿದರೆ, ಸುಮಾರು ಒಂದು ಲಕ್ಷ ದೀಪಗಳ ಅರಮನೆಯೂ ಅದರ ಸುತ್ತಲಿನ ನಗರವೂ ಬೆಳಗುತ್ತಿರುವುದು ಕಾಣುತ್ತದೆ. ನಗರದಿಂದ ತಲೆಯೆತ್ತಿ ನೋಡಿದರೆ ಬೆಟ್ಟದ ದಾರಿಯ ದೀಪಸಾಲು ಕಾಣುತ್ತದೆ. ಈ ದೃಶ್ಯದ ಚರಿತ್ರೆ ಆರಂಭವಾಗುವುದು ಶಿವನಸಮುದ್ರದಲ್ಲಿ.

ಸ್ಮರಣೆ

ಬೆಂಗಳೂರಿನ ಶೇಷಾದ್ರಿಪುರಂ ಬಡಾವಣೆ, ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಹಾಗೂ ಅಲ್ಲಿನ ಪ್ರತಿಮೆ ಇವರ ನೆನಪನ್ನು ಉಳಿಸಿವೆ. ಶಿವನಸಮುದ್ರದ ವಿದ್ಯುದಾಗಾರಕ್ಕೂ ಇವರ ಹೆಸರನ್ನೇ ಇಡಲಾಗಿದೆ.