ಮನೆಯಿಂದ ಹೊರಟ ಆಕಾಶವಾಣಿ

ಅಂಕೋಲೆಯಲ್ಲಿ ನಮ್ಮ ಗೆಳೆಯನ ಮನೆ ಹಿತ್ತಲು ಬರೀ 15 ಮೀಟರ್ ಉದ್ದ. ನಮಗೆ ಬೇಕಿದ್ದದ್ದು 20 ಮೀಟರ್ ತಂತಿ ಕಟ್ಟೋ ಜಾಗ. ಹ್ಯಾಮ್ ರೇಡಿಯೋದವರು ಮಾತಾಡುವ 7.1 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 42 ಮೀಟರ್. ಡೈಪೋಲ್ ಆಂಟೆನಾಗೆ ಅದರ ಅರ್ಧ, ಸ್ವಲ್ಪ ಕಡಿಮೆ ಮಾಡಿ, ಬೇಕು. ಜಾಗ ಸಾಲಲ್ಲ ಅಂತ ತಂತಿ ಸುತ್ತಿಟ್ಟು ಕಾರವಾರದ ಬಸ್ ಹತ್ತಿದ್ವಿ. ದಾರಿಯಲ್ಲಿ ಒಬ್ಬ ಮೇಷ್ಟ್ರ ಮಾತು ಬಂತು. ಅವರ ಕಥೆ ನಿಮಗೂ ಹೇಳಬೇಕು.

ಅವರು ಡಾ. ಎಂ.ವಿ. ಗೋಪಾಲಸ್ವಾಮಿ. ಇಂಜಿನಿಯರ್ ಅಲ್ಲ, ಮನಶ್ಶಾಸ್ತ್ರದ ಪ್ರೊಫೆಸರ್. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ದೊಡ್ಡ ವಿದ್ವಾಂಸರ ಹತ್ತಿರ ಕಲಿತು ಬಂದವರು. 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರು ಮಾಡಿದರು. ಪಾಠ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು. ಆದರೆ ಅವರಿಗೆ ರೇಡಿಯೋ ಹುಚ್ಚು ಹಿಡೀತು.

1935ರ ಸೆಪ್ಟೆಂಬರ್ 10ರಂದು ತಮ್ಮ ಸ್ವಂತ ಮನೆ ವಿಠ್ಠಲ ವಿಹಾರದಿಂದಲೇ ಪ್ರಸಾರ ಆರಂಭಿಸಿದರು. ಟ್ರಾನ್ಸ್‌ಮಿಟರ್ ಶಕ್ತಿ 30 ವ್ಯಾಟ್ ಅಷ್ಟೇ. ನಮ್ಮ ಹಾಸ್ಟೆಲ್ ಫ್ಯಾನ್ ಅದಕ್ಕಿಂತ ಜಾಸ್ತಿ ಕರೆಂಟ್ ತಿನ್ನುತ್ತೆ! ಯಾರೂ ಅವರಿಗೆ ಈ ಕೆಲಸ ಮಾಡಿ ಅಂತ ಹೇಳಿರಲಿಲ್ಲ. ಮೊದಲು ಕೈಯಿಂದ ಹಣ ಹಾಕಿದರು, ಆಮೇಲೆ ಜನರ ದೇಣಿಗೆಯೂ ನಗರಸಭೆಯ ನೆರವೂ ಬಂತು. ಮುಂದೆ 250 ವ್ಯಾಟ್‌ನ ಟ್ರಾನ್ಸ್‌ಮಿಟರ್ ತರಿಸಿದರು. ನಾ. ಕಸ್ತೂರಿಯವರಂಥ ಸಾಹಿತಿಗಳು ಜೊತೆಗೆ ನಿಂತರು.

ಸುಮಾರು ಆರು ವರ್ಷ ಹೀಗೆ ನಡೆಸಿ, ಕೊನೆಗೆ ನಿಲಯವನ್ನು ಮೈಸೂರು ಸಂಸ್ಥಾನಕ್ಕೆ ಒಪ್ಪಿಸಿದರು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಕೈಯಾರೆ ಬೆಳೆಸಿದ್ದನ್ನು ಬಿಟ್ಟುಕೊಡೋದು ಸುಲಭ ಅಲ್ಲ ಅಂತ ನಮಗೆ ಅನ್ನಿಸುತ್ತೆ. ಆದರೆ ಒಂದು ಉಳೀತು: ಹೆಸರು. ಮೈಸೂರಿನ ಆ ಮನೆಯ ರೇಡಿಯೋಗೆ ಇದ್ದ ಆಕಾಶವಾಣಿ ಎಂಬ ಹೆಸರೇ ಮುಂದೆ ಇಡೀ ದೇಶದ ಸರ್ಕಾರಿ ರೇಡಿಯೋದ ಹೆಸರಾಯಿತು. ಇವತ್ತು ಕಾರವಾರದಲ್ಲೂ ಒಂದು ಆಕಾಶವಾಣಿ ಇದೆ. ಆ ಪದ ಎಲ್ಲರಿಗೂ ಗೊತ್ತು, ಆ ಮೇಷ್ಟ್ರು ಎಷ್ಟು ಜನರಿಗೆ ಗೊತ್ತು?

ಅವರು ದೊಡ್ಡ ಜಾಗಕ್ಕೆ ಕಾಯಲಿಲ್ಲ, ನಾವ್ಯಾಕೆ ಕಾಯಬೇಕು? ಮುಂದಿನ ಭಾನುವಾರ ಮತ್ತೆ ಅಂಕೋಲೆಗೆ ಹೋದ್ವಿ. ಹಿತ್ತಲ ನಡುವಿನ ತೆಂಗಿನಮರದಲ್ಲಿ 9 ಮೀಟರ್ ಎತ್ತರಕ್ಕೆ ತಂತಿಯ ಮಧ್ಯಭಾಗ ಕಟ್ಟಿಸಿದ್ವಿ. ಎರಡೂ ಕಡೆ 10 ಮೀಟರ್ ತಂತಿಯನ್ನು 45 ಡಿಗ್ರಿ ಓರೆಯಾಗಿ ಇಳಿಸಿದರೆ ನೆಲದ ಮೇಲೆ 7 ಮೀಟರ್ ಸಾಕು. ಬೇಲಿಯ ಒಳಗೇ ಮುಗೀತು, ತುದಿಗಳು ತಲೆಗಿಂತ ಮೇಲೆ ಉಳಿದವು. ಸಮುದ್ರದ ಉಪ್ಪುಗಾಳಿಗೆ ತಾಮ್ರ ಹಾಳಾಗುತ್ತೆ ಅಂತ ಬೆಸುಗೆ ಹಾಕಿದ ಕಡೆಯೆಲ್ಲ ಟೇಪ್ ಸುತ್ತಿದ್ವಿ.

ಮಾತಾಡೋಕೆ ಪರೀಕ್ಷೆ ಬರೆದು ಲೈಸೆನ್ಸ್ ತಗೋಬೇಕು, ನಾವಿನ್ನೂ ಕೇಳುವವರು ಮಾತ್ರ. ಸಂಜೆ ಗರಗರ ಸದ್ದಿನ ನಡುವೆ ಯಾರದೋ ಮಲಯಾಳಂ ಮಾತು ತೇಲಿ ಬಂತು. ಅರ್ಥ ಆಗಲಿಲ್ಲ, ಆದರೂ ಎಲ್ಲರೂ ಸುಮ್ಮನೆ ಕೂತು ಕೇಳಿದ್ವಿ.