ಹೆಸರಿಲ್ಲದ ಪ್ರಶಸ್ತಿ ವಿಜೇತ: ಸೆರ್ಗೈ ಕೊರೊಲೆವ್

ಪ್ರಶಸ್ತಿ ಎಂದರೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದೇ. ವೇದಿಕೆ, ಹೂಮಾಲೆ, ಚಪ್ಪಾಳೆ, ಮರುದಿನದ ಪತ್ರಿಕೆಯಲ್ಲಿ ಭಾವಚಿತ್ರ. ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನ ಪಡೆದ ಮಗು ಮೊದಲು ಹುಡುಕುವುದು ಸಭೆಯಲ್ಲಿ ಕುಳಿತ ತಂದೆ ತಾಯಿಯ ಮುಖವನ್ನು. ಯಾರೂ ನೋಡದಿದ್ದರೆ ಬಹುಮಾನ ಯಾತಕ್ಕೆ ಎಂದು ನಮಗೆಲ್ಲ ಒಳಗೊಳಗೇ ಅನಿಸುತ್ತದೆ. ಆದರೆ ತನ್ನ ದೇಶದ ಅತ್ಯುನ್ನತ ಗೌರವವನ್ನು ಎರಡು ಬಾರಿ ಪಡೆದೂ, ಆ ಪದಕಗಳನ್ನು ಧರಿಸಿ ಸಾರ್ವಜನಿಕವಾಗಿ ಕಾಣಿಸಿಕೊಳ್ಳಲಾಗದೆ ಬದುಕಿದ ಒಬ್ಬ ಮಹಾನ್ ಇಂಜಿನಿಯರ್ ಇದ್ದರು. ಮನುಷ್ಯನನ್ನು ಮೊದಲ ಬಾರಿಗೆ ಬಾಹ್ಯಾಕಾಶಕ್ಕೆ ಕಳುಹಿಸಿದ ಆ ವ್ಯಕ್ತಿಯ ಹೆಸರು ಜಗತ್ತಿಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಅವರೇ ಸೆರ್ಗೈ ಪಾವ್ಲೊವಿಚ್ ಕೊರೊಲೆವ್.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕೊರೊಲೆವ್ ಹುಟ್ಟಿದ್ದು 1907ರ ಜನವರಿ 12ರಂದು, ಇಂದು ಉಕ್ರೇನ್ ದೇಶದಲ್ಲಿರುವ ಝಿಟೋಮಿರ್ ಪಟ್ಟಣದಲ್ಲಿ. ತಂದೆ ಶಾಲಾ ಅಧ್ಯಾಪಕರು. ಮಗು ಚಿಕ್ಕದಿರುವಾಗಲೇ ತಂದೆ ತಾಯಿ ಬೇರೆಯಾದರು. ಹಾಗಾಗಿ ಅವರು ಬೆಳೆದದ್ದು ನಿಝಿನ್ ಎಂಬ ಊರಿನಲ್ಲಿ ತಾಯಿಯ ತವರುಮನೆಯಲ್ಲಿ, ಅಜ್ಜ ಅಜ್ಜಿಯ ಆಶ್ರಯದಲ್ಲಿ. ಮುಂದೆ ತಾಯಿ ಮರಿಯಾ ಒಬ್ಬ ಇಂಜಿನಿಯರನ್ನು ಮರುಮದುವೆಯಾದರು. ಕುಟುಂಬ ಒಡೆಸ್ಸಾ ಬಂದರು ನಗರಕ್ಕೆ ಬಂತು. ಕ್ರಾಂತಿ ಮತ್ತು ಅಂತರ್ಯುದ್ಧದ ಆ ದಿನಗಳಲ್ಲಿ ಊಟಕ್ಕೂ ಕಷ್ಟ, ಶಾಲೆಗೂ ಕಷ್ಟ. ಹುಡುಗ ಸೇರಿದ್ದು ಕಟ್ಟಡ ಕೆಲಸ ಕಲಿಸುವ ಒಂದು ವೃತ್ತಿ ಶಾಲೆಗೆ. ಆದರೆ ಅವನ ಮನಸ್ಸು ಬಂದರಿನಲ್ಲಿ ಬಂದಿಳಿಯುತ್ತಿದ್ದ ಸಮುದ್ರ ವಿಮಾನಗಳ ಮೇಲೆ. ಹದಿನೇಳರ ಹರೆಯದಲ್ಲಿಯೇ ಎಂಜಿನ್ ಇಲ್ಲದೆ ಹಾರುವ ಗ್ಲೈಡರ್ ಒಂದರ ವಿನ್ಯಾಸವನ್ನು ಅವನು ರಚಿಸಿದ್ದ.

1924ರಲ್ಲಿ ಕೀವ್‌ನ ಪಾಲಿಟೆಕ್ನಿಕ್ ಸಂಸ್ಥೆಗೆ, ಎರಡು ವರ್ಷಗಳ ಬಳಿಕ ಮಾಸ್ಕೋದ ಬೌಮನ್ ತಾಂತ್ರಿಕ ವಿದ್ಯಾಲಯಕ್ಕೆ ಅವರು ಸೇರಿದರು. ಅಲ್ಲಿ ಅವರ ಅಂತಿಮ ಯೋಜನೆಗೆ ಮಾರ್ಗದರ್ಶನ ನೀಡಿದವರು ಹೆಸರಾಂತ ವಿಮಾನ ವಿನ್ಯಾಸಕ ಆಂಡ್ರೆ ಟುಪೊಲೆವ್. ಈ ಗುರು ಶಿಷ್ಯರು ಹತ್ತು ವರ್ಷಗಳ ನಂತರ ಇನ್ನೊಂದು ಜಾಗದಲ್ಲಿ ಭೇಟಿಯಾಗಲಿದ್ದರು. ಅದು ವಿದ್ಯಾಲಯವಾಗಿರಲಿಲ್ಲ.

1931ರಲ್ಲಿ ಮಾಸ್ಕೋದ ಕೆಲವು ಉತ್ಸಾಹಿಗಳು ರಾಕೆಟ್ ಅಧ್ಯಯನಕ್ಕಾಗಿ ಒಂದು ಗುಂಪು ಕಟ್ಟಿಕೊಂಡರು. ಹಣವಿಲ್ಲ, ಸೌಕರ್ಯವಿಲ್ಲ, ಕೆಲಸ ಮಾಡಲು ಸಿಕ್ಕಿದ್ದು ಒಂದು ಕಟ್ಟಡದ ನೆಲಮಾಳಿಗೆ. 1932ರಲ್ಲಿ ಅದರ ಮುಖ್ಯಸ್ಥರಾದ ಕೊರೊಲೆವ್‌ಗೆ ಇಪ್ಪತ್ತೈದು ವರ್ಷ. 1933ರ ಆಗಸ್ಟ್ 17ರಂದು ಅವರ ರಾಕೆಟ್ ಸುಮಾರು 400 ಮೀಟರ್ ಎತ್ತರಕ್ಕೆ ಹಾರಿತು. ಇಂದು ಇದು ಅಲ್ಪವೆನಿಸಬಹುದು. ಆದರೆ ಮುಂದಿನ ಎಲ್ಲ ಯಾನಗಳ ಮೊದಲ ಮೆಟ್ಟಿಲು ಅದೇ.

ಸೆರೆಮನೆಯ ವರ್ಷಗಳು

ಸ್ಟಾಲಿನ್ ಆಳ್ವಿಕೆಯ ಆ ಕಾಲದಲ್ಲಿ ಸಾವಿರಾರು ಜನರನ್ನು ದೇಶದ್ರೋಹದ ಸುಳ್ಳು ಆರೋಪ ಹೊರಿಸಿ ಬಂಧಿಸಲಾಗುತ್ತಿತ್ತು. ಕೊರೊಲೆವ್ ಕೆಲಸ ಮಾಡುತ್ತಿದ್ದ ರಾಕೆಟ್ ಸಂಶೋಧನಾ ಸಂಸ್ಥೆಯ ನಿರ್ದೇಶಕ ಇವಾನ್ ಕ್ಲೆಯ್ಮ್ಯೊನೊವ್ ಮತ್ತು ಪ್ರಧಾನ ಇಂಜಿನಿಯರ್ ಗಿಯೋರ್ಗಿ ಲಾಂಗೆಮಾಕ್ ಅವರನ್ನು 1938ರ ಜನವರಿಯಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಅದೇ ವರ್ಷ ಜೂನ್ 27ರಂದು ಕೊರೊಲೆವ್ ಅವರನ್ನೂ ಬಂಧಿಸಿದರು. ಆಗ ಅವರ ಮಗಳು ನತಾಲಿಯಾಳಿಗೆ ಮೂರು ವರ್ಷ.

ವಿಚಾರಣೆಯ ಹೆಸರಿನಲ್ಲಿ ಹಿಂಸೆ ನಡೆಯಿತು. ಮಾಡದ ತಪ್ಪನ್ನು ಒಪ್ಪಿಕೊಂಡು ಸಹಿ ಹಾಕುವಂತೆ ಮಾಡಿದರು. ಹತ್ತು ವರ್ಷಗಳ ಶಿಕ್ಷೆ ವಿಧಿಸಿ ಸೈಬೀರಿಯಾದ ದೂರದ ಪೂರ್ವ ತುದಿಯ ಕೊಲಿಮಾ ಪ್ರದೇಶದ ಚಿನ್ನದ ಗಣಿಗೆ ಕಳುಹಿಸಿದರು. ಮೈ ಕೊರೆಯುವ ಚಳಿ, ಅರೆಹೊಟ್ಟೆ, ಮಿತಿಮೀರಿದ ದುಡಿತ. ಪೋಷಣೆಯಿಲ್ಲದೆ ಸ್ಕರ್ವಿ ರೋಗ ತಗುಲಿ ಹಲ್ಲುಗಳು ಉದುರಿದವು.

ಇತ್ತ ತಾಯಿ ಮರಿಯಾ ಸುಮ್ಮನೆ ಕೂರಲಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದರು, ಅರ್ಜಿಯ ಮೇಲೆ ಅರ್ಜಿ ಬರೆದರು. ಕೈದಿಗಳ ಪರವಾಗಿ ಮಾತಾಡುವುದೇ ಅಪಾಯವಾಗಿದ್ದ ಆ ಕಾಲದಲ್ಲಿ ಇಬ್ಬರು ಅವರಿಗೆ ನೆರವಾದರು. ಒಬ್ಬರು ವಿಮಾನ ಚಾಲಕ ಮಿಖಾಯಿಲ್ ಗ್ರೊಮೊವ್, ಇನ್ನೊಬ್ಬರು ವಿಮಾನ ಚಾಲಕಿ ವಲೆಂಟಿನಾ ಗ್ರಿಝೊದುಬೊವಾ. ಇಬ್ಬರೂ ಸೋವಿಯತ್ ಒಕ್ಕೂಟದ ವೀರ ಎಂಬ ರಾಷ್ಟ್ರೀಯ ಬಿರುದು ಪಡೆದವರು. ಪ್ರಕರಣವನ್ನು ಮರುಪರಿಶೀಲಿಸಬೇಕೆಂದು ಅವರು ಕೇಳಿಕೊಂಡರು. ಎದೆಯ ಮೇಲಿನ ಪದಕಕ್ಕೆ ಇದಕ್ಕಿಂತ ದೊಡ್ಡ ಬೆಲೆ ಇನ್ನಾವುದಿದೆ? ತಮಗೆ ಸಿಕ್ಕ ಗೌರವವನ್ನು ಅವರು ನಿರಪರಾಧಿಯೊಬ್ಬನ ಪ್ರಾಣಕ್ಕಾಗಿ ಬಳಸಿದರು.

ಪ್ರಕರಣ ಮತ್ತೆ ತೆರೆಯಿತು. ಬಿಡುಗಡೆಯಾಗಲಿಲ್ಲ, ಶಿಕ್ಷೆ ಎಂಟು ವರ್ಷಕ್ಕಿಳಿಯಿತು. ಆದರೆ ಗಣಿಯ ಬದಲು ಅವರನ್ನು ಕೈದಿ ವಿಜ್ಞಾನಿಗಳು ದುಡಿಯುವ ವಿನ್ಯಾಸ ಕೇಂದ್ರಕ್ಕೆ ಕಳುಹಿಸಲಾಯಿತು. ಅಲ್ಲಿ ಅವರಿಗೆ ಸಿಕ್ಕಿದ್ದು ಅದೇ ಗುರು ಟುಪೊಲೆವ್. ಅವರೂ ಕೈದಿಯೇ. ಕಾವಲುಗಾರರ ನಡುವೆ ಗುರು ಶಿಷ್ಯರು ಯುದ್ಧಕ್ಕಾಗಿ ವಿಮಾನಗಳನ್ನು ರೂಪಿಸಿದರು. 1944ರಲ್ಲಿ ಕೊರೊಲೆವ್‌ಗೆ ಬಿಡುಗಡೆಯಾಯಿತು.

ಗುಟ್ಟಿನ ಸಾಧನೆ, ಗುಟ್ಟಿನ ಪದಕ

ಯುದ್ಧ ಮುಗಿದ ಮೇಲೆ ಅವರು ಜರ್ಮನಿಗೆ ಹೋಗಿ ಅಲ್ಲಿನ ವಿ-2 ರಾಕೆಟ್‌ಗಳನ್ನು ಅಭ್ಯಸಿಸಿ ಬಂದರು. 1946ರಿಂದ ದೂರಗಾಮಿ ಕ್ಷಿಪಣಿಗಳ ಮುಖ್ಯ ವಿನ್ಯಾಸಕರಾದರು. ಸರಕಾರಕ್ಕೆ ಬೇಕಾದದ್ದು ಅಣ್ವಸ್ತ್ರ ಹೊತ್ತು ಖಂಡದಾಚೆಗೆ ಹಾರುವ ಕ್ಷಿಪಣಿ. ಕೊರೊಲೆವ್ ಅದನ್ನು ಮಾಡಿಕೊಟ್ಟರು. ಆದರೆ ಅವರ ಕಣ್ಣು ಆಕಾಶದ ಮೇಲಿತ್ತು. ಆರ್-7 ಎಂಬ ಆ ಕ್ಷಿಪಣಿ 1957ರ ಮೇ ಮತ್ತು ಜುಲೈ ತಿಂಗಳ ಪರೀಕ್ಷೆಗಳಲ್ಲಿ ವಿಫಲವಾಗಿ, ಆಗಸ್ಟ್ 21ರಂದು ಯಶಸ್ವಿಯಾಯಿತು. ಆರೇ ವಾರಗಳ ನಂತರ, ಅಕ್ಟೋಬರ್ 4ರಂದು ಅದೇ ರಾಕೆಟ್ 83.6 ಕಿಲೋಗ್ರಾಂ ತೂಕದ ಸ್ಪುಟ್ನಿಕ್ ಅನ್ನು ಭೂಮಿಯ ಸುತ್ತ ತಿರುಗುವಂತೆ ಮಾಡಿತು. ಮನುಷ್ಯ ನಿರ್ಮಿತ ಮೊದಲ ಉಪಗ್ರಹ ಅದು.

ಪ್ರಶಸ್ತಿಗಳ ಕಥೆ ವಿಚಿತ್ರವಾಗುವುದು ಇಲ್ಲಿಂದ. 1956ರ ಏಪ್ರಿಲ್‌ನಲ್ಲಿ ಕೊರೊಲೆವ್‌ಗೆ ಸಮಾಜವಾದಿ ಶ್ರಮವೀರ ಎಂಬ ಅತ್ಯುನ್ನತ ನಾಗರಿಕ ಬಿರುದು ಸಿಕ್ಕಿತು. ಆದರೆ ಅವರ ಮೇಲಿನ ಸುಳ್ಳು ತೀರ್ಪು ರದ್ದಾಗಿ ಅವರು ನಿರ್ದೋಷಿ ಎಂದು ಘೋಷಣೆಯಾದದ್ದು 1957ರ ಏಪ್ರಿಲ್‌ನಲ್ಲಿ. ಅಂದರೆ ಸುಮಾರು ಒಂದು ವರ್ಷ ಕಾಲ ಅವರು ಸರಕಾರದ ಒಂದು ಕಡತದಲ್ಲಿ ವೀರ, ಇನ್ನೊಂದು ಕಡತದಲ್ಲಿ ಅಪರಾಧಿ! 1957ರಲ್ಲೇ ಲೆನಿನ್ ಪ್ರಶಸ್ತಿಯೂ ಬಂತು. ಯಾವುದನ್ನೂ ಹೊರಗೆ ಹೇಳುವಂತಿರಲಿಲ್ಲ. ಶತ್ರು ದೇಶದವರು ಅವರನ್ನು ಕೊಲ್ಲಬಹುದೆಂಬ ಭಯದಿಂದ ಸರಕಾರ ಅವರ ಹೆಸರನ್ನೇ ಮುಚ್ಚಿಟ್ಟಿತು. ಪತ್ರಿಕೆಗಳಲ್ಲಿ ಅವರು ಬರೇ ಮುಖ್ಯ ವಿನ್ಯಾಸಕ. ಪ್ರಾವ್ದಾ ಪತ್ರಿಕೆಗೆ ಅವರು ಬರೆದ ಲೇಖನಗಳ ಕೆಳಗೆ ಇದ್ದದ್ದು ಪ್ರೊಫೆಸರ್ ಕೆ. ಸೆರ್ಗೆಯೆವ್ ಎಂಬ ಗುಪ್ತನಾಮ.

1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ 108 ನಿಮಿಷಗಳಲ್ಲಿ ಭೂಮಿಯನ್ನು ಸುತ್ತಿ ಬಂದರು. ಎರಡೇ ದಿನಗಳಲ್ಲಿ ಅವರಿಗೆ ಸೋವಿಯತ್ ಒಕ್ಕೂಟದ ವೀರ ಎಂಬ ಬಿರುದು ಘೋಷಣೆಯಾಯಿತು. ಬಾಹ್ಯಾಕಾಶ ಯಾನಿಗಳಿಗಾಗಿಯೇ ಹೊಸ ಬಿರುದೊಂದನ್ನೂ ಸ್ಥಾಪಿಸಲಾಯಿತು. ಮಾಸ್ಕೋದ ಬೀದಿಗಳಲ್ಲಿ ಜನಸಾಗರ. ಆ ರಾಕೆಟ್ಟನ್ನು ರೂಪಿಸಿದ ವ್ಯಕ್ತಿ ಮಾತ್ರ ಅದೇ ಸಂಭ್ರಮದ ನಡುವೆ ಯಾರಿಗೂ ಗುರುತಿಲ್ಲದವರಾಗಿ ಇದ್ದರು. ಜೂನ್ 17ರಂದು ಆ ಯಾನಕ್ಕಾಗಿ ದುಡಿದ ಸುಮಾರು 7000 ಮಂದಿಗೆ ಗೌರವಗಳು ಸಂದವು. ಎರಡನೆಯ ಬಾರಿಗೆ ಶ್ರಮವೀರರಾದವರಲ್ಲಿ ಕೊರೊಲೆವ್ ಒಬ್ಬರು. ಆದರೆ ಆ ವಿಜ್ಞಾನಿಗಳ ಹೆಸರುಗಳನ್ನು ಪ್ರಕಟಿಸಲಿಲ್ಲ. ದೇಶದ ನಾಯಕ ಕ್ರುಶ್ಚೇವ್ ಮತ್ತು ಬ್ರೆಝ್ನೆವ್ ಅವರಿಗೂ ಅದೇ ಸಂದರ್ಭದಲ್ಲಿ ಅದೇ ಬಿರುದು ಸಂದಿತು. ದುಡಿದವರು ನೆರಳಿನಲ್ಲಿ, ಆಳುವವರು ಬೆಳಕಿನಲ್ಲಿ!

ಹೊಗಳಿಕೆ ಸಿಗದು ಎಂದು ಕೊರೊಲೆವ್ ಕೆಲಸ ನಿಲ್ಲಿಸಲಿಲ್ಲ. ಅವರ ತಂಡದ ನೌಕೆ 1959ರಲ್ಲೇ ಚಂದ್ರನ ಹಿಂಬದಿಯ ಚಿತ್ರವನ್ನು ಮೊದಲ ಬಾರಿಗೆ ತೆಗೆದಿತ್ತು. 1963ರಲ್ಲಿ ವಲೆಂಟಿನಾ ತೆರೆಷ್ಕೋವಾ ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆಯಾದರು. 1965ರ ಮಾರ್ಚ್ 18ರಂದು ಅಲೆಕ್ಸಿ ಲಿಯೊನೊವ್ ನೌಕೆಯಿಂದ ಹೊರಬಂದು ಬಾಹ್ಯಾಕಾಶದಲ್ಲಿ ತೇಲಿದರು. ಇವರ ಹೆಸರುಗಳು ಮನೆಮಾತಾದವು. ಇವರನ್ನು ಕಳುಹಿಸಿದವರ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಸಾವಿನ ನಂತರ ಸಿಕ್ಕ ಹೆಸರು

1966ರ ಜನವರಿ 14ರಂದು ಕರುಳಿನ ಶಸ್ತ್ರಚಿಕಿತ್ಸೆಯ ವೇಳೆ ಕೊರೊಲೆವ್ ತೀರಿಕೊಂಡರು. ಸಣ್ಣ ಚಿಕಿತ್ಸೆ ಎಂದು ಆರಂಭವಾದದ್ದು, ಒಳಗೆ ದೊಡ್ಡ ಗೆಡ್ಡೆ ಕಂಡು ಗಂಟೆಗಟ್ಟಲೆ ಮುಂದುವರಿದಿತ್ತು. ಸೆರೆವಾಸದಿಂದ ಜರ್ಜರಿತವಾಗಿದ್ದ ದೇಹ ಅದನ್ನು ತಾಳಿಕೊಳ್ಳಲಿಲ್ಲ. ಹುಟ್ಟುಹಬ್ಬ ಕಳೆದು ಎರಡೇ ದಿನ, ವಯಸ್ಸು 59.

ಜನವರಿ 16ರ ಪ್ರಾವ್ದಾ ಪತ್ರಿಕೆಯಲ್ಲಿ ಅವರ ಹೆಸರು ಮತ್ತು ಭಾವಚಿತ್ರ ಅಚ್ಚಾಯಿತು. ಎದೆಯ ಮೇಲೆ ಪದಕಗಳಿದ್ದವು. ಸ್ಪುಟ್ನಿಕ್‌ನಿಂದ ಗಗಾರಿನ್‌ವರೆಗೆ ಎಲ್ಲದರ ಹಿಂದಿದ್ದವರು ಇವರೇ ಎಂದು ದೇಶಕ್ಕೆ ತಿಳಿದದ್ದು ಅಂದು. ಜನರು ಸಾಲುಗಟ್ಟಿ ನಿಂತು ಅಂತಿಮ ದರ್ಶನ ಪಡೆದರು. ಅವರ ಅಸ್ಥಿಯನ್ನು ಕ್ರೆಮ್ಲಿನ್ ಗೋಡೆಯಲ್ಲಿರಿಸಲಾಯಿತು. ಸೋವಿಯತ್ ವಿಜ್ಞಾನ ಅಕಾಡೆಮಿ ರಾಕೆಟ್ ಮತ್ತು ಬಾಹ್ಯಾಕಾಶ ತಂತ್ರಜ್ಞಾನದ ಸಾಧಕರಿಗೆ ಕೊಡುವ ಚಿನ್ನದ ಪದಕಕ್ಕೆ ಅವರ ಹೆಸರನ್ನಿಟ್ಟಿತು. ಅವರು ದುಡಿದ ಪಟ್ಟಣಕ್ಕೆ 1996ರಲ್ಲಿ ಕೊರೊಲೆವ್ ಎಂದೇ ಹೆಸರಾಯಿತು. 1938ರಲ್ಲಿ ಕೊಲ್ಲಲ್ಪಟ್ಟ ಕ್ಲೆಯ್ಮ್ಯೊನೊವ್ ಮತ್ತು ಲಾಂಗೆಮಾಕ್ ಅವರಿಗೂ 1991ರಲ್ಲಿ, 53 ವರ್ಷಗಳ ನಂತರ, ಶ್ರಮವೀರ ಬಿರುದು ಸಂದಿತು. ಸತ್ಯ ನಿಧಾನವಾಗಿ ಬಂತು, ಆದರೆ ಬಂತು.

ನಮಗೂ ಈ ಕಥೆಗೂ ನಂಟಿದೆ. ಬೆಂಗಳೂರಿನ ಪೀಣ್ಯದಲ್ಲಿ ರೂಪುಗೊಂಡ ನಮ್ಮ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿದ್ದು ಕಪುಸ್ತಿನ್ ಯಾರ್ ಕೇಂದ್ರದಿಂದ. ಕೊರೊಲೆವ್ ತಮ್ಮ ಮೊದಲ ಕ್ಷಿಪಣಿಗಳನ್ನು ಪರೀಕ್ಷಿಸಿದ್ದು ಅಲ್ಲಿಯೇ. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಅವರನ್ನು ಹೊತ್ತೊಯ್ದ ರಾಕೆಟ್ ಕೂಡ ಕೊರೊಲೆವ್‌ರ ಆರ್-7 ಕುಟುಂಬಕ್ಕೇ ಸೇರಿದ್ದು. ಶರ್ಮಾ ಅವರಿಗೆ ಸೋವಿಯತ್ ಒಕ್ಕೂಟ ತನ್ನ ವೀರ ಬಿರುದು ಕೊಟ್ಟಿತು. ಭಾರತ ಅವರಿಗೂ ಅವರ ಇಬ್ಬರು ಸೋವಿಯತ್ ಸಂಗಾತಿಗಳಿಗೂ ಅಶೋಕ ಚಕ್ರ ನೀಡಿತು. ಮೂವರ ಹೆಸರನ್ನೂ ಎರಡೂ ದೇಶಗಳ ಜನ ಹೆಮ್ಮೆಯಿಂದ ಹೇಳಿದರು.

ವಿದ್ಯಾರ್ಥಿ ಮಿತ್ರರೇ, ಪ್ರಶಸ್ತಿ ಬೇಡವೆಂದು ಈ ಬದುಕು ಹೇಳುವುದಿಲ್ಲ. ಅರ್ಹರನ್ನು ಗುರುತಿಸುವುದು ಸಮಾಜದ ಕರ್ತವ್ಯ, ಅದನ್ನು ಮುಚ್ಚಿಡುವುದು ಅನ್ಯಾಯ. ಆದರೆ ಯಾರೂ ಗುರುತಿಸದ ದಿನವೂ ಕೆಲಸ ಕೆಲಸವೇ. ಪರೀಕ್ಷೆಯಲ್ಲಿ ರ‍್ಯಾಂಕ್ ಬಾರದವರು, ವೇದಿಕೆಗೆ ಕರೆ ಬಾರದವರು ನಮ್ಮಲ್ಲಿ ಹೆಚ್ಚು. ಕೊರೊಲೆವ್ ಅವರ ಜೀವನವನ್ನು ಓದಬೇಕಾದವರು ಅವರೇ. ಇನ್ನು, ಪದಕ ಸಿಕ್ಕಿದವರು ಗ್ರೊಮೊವ್ ಮತ್ತು ಗ್ರಿಝೊದುಬೊವಾ ಅವರನ್ನು ನೆನೆಯಲಿ. ಸಿಕ್ಕ ಗೌರವವನ್ನು ಗೋಡೆಗೆ ನೇತುಹಾಕುವುದು ಸುಲಭ. ಅದನ್ನು ಹಿಡಿದುಕೊಂಡು ನೊಂದವನ ಪರವಾಗಿ ಒಂದು ಬಾಗಿಲು ತಟ್ಟುವುದು ಕಷ್ಟ. ಆ ಬಾಗಿಲನ್ನು ಅಂದು ಯಾರೂ ತಟ್ಟದಿದ್ದರೆ, ಆಕಾಶದ ಬಾಗಿಲನ್ನು ತೆರೆದ ಕೈಗಳು ಕೊಲಿಮಾದ ಹಿಮದಲ್ಲೇ ತಣ್ಣಗಾಗಿ ಹೋಗುತ್ತಿದ್ದವೋ ಏನೋ.