ಗಾಂಧೀಜಿಯ ಲೆಕ್ಕ, ನನ್ನ ಖಾಲಿ ಖಾತೆ

ಕಳೆದ ತಿಂಗಳು 20ನೇ ತಾರೀಖಿಗೇ ನನ್ನ ಖಾತೆಯಲ್ಲಿ ಉಳಿದಿದ್ದು ಬರೀ 37 ರೂಪಾಯಿ. ಲ್ಯಾಬ್ ರೆಕಾರ್ಡ್ ತಗೋಬೇಕು ಅಂತ ಸುಳ್ಳು ಹೇಳಿ ಅಕ್ಕನಿಂದ 800 ರೂಪಾಯಿ ಹಾಕಿಸಿಕೊಂಡೆ. ಅವಳು ಮರುಮಾತಾಡದೆ ಕಳಿಸಿದಳು. ಅದೇ ವಾರ ಕಾಲೇಜು ಲೈಬ್ರರಿಯಲ್ಲಿ ಗಾಂಧೀಜಿಯ ಆತ್ಮಕಥೆ ಕೈಗೆ ಸಿಕ್ಕಿತು. ಲಂಡನ್ನಿನ ಅಧ್ಯಾಯಗಳಲ್ಲಿ ನನಗೆ ಕಂಡದ್ದು ಹೆಚ್ಚು ಕಡಿಮೆ ನನ್ನದೇ ವಯಸ್ಸಿನ ಹುಡುಗ.

1888ರಲ್ಲಿ ಬ್ಯಾರಿಸ್ಟರ್ ಓದಲು ಹೊರಟಾಗ ಅವರಿಗಿನ್ನೂ 19 ತುಂಬಿರಲಿಲ್ಲ. ಖರ್ಚಿಗೆ ಹಣ ಕಳಿಸುತ್ತಿದ್ದವರು ಅಣ್ಣ. ಲಂಡನ್ನಿನಲ್ಲಿ ಜೆಂಟಲ್‌ಮನ್ ಆಗುವ ಹುಚ್ಚು ಹತ್ತಿತು. 19 ಶಿಲ್ಲಿಂಗಿನ ಹ್ಯಾಟ್, 10 ಪೌಂಡಿನ ಸೂಟ್, ಡಾನ್ಸ್ ಕ್ಲಾಸಿಗೆ 3 ಪೌಂಡ್, ಪಿಟೀಲಿಗೆ ಇನ್ನೊಂದು 3 ಪೌಂಡ್. ಆಗ 20 ಶಿಲ್ಲಿಂಗಿಗೆ ಒಂದು ಪೌಂಡ್. ಸಾಲದ್ದಕ್ಕೆ ಅಣ್ಣನಿಂದ ಚಿನ್ನದ ವಾಚ್ ಚೈನನ್ನೂ ತರಿಸಿಕೊಂಡರು!

ಸುಮಾರು ಮೂರು ತಿಂಗಳಲ್ಲಿ ಡಾನ್ಸು, ಪಿಟೀಲಿನ ಹುಚ್ಚು ಇಳಿಯಿತು. ಆದರೆ ಆ ದಿನಗಳಲ್ಲೂ ಅವರು ಲೆಕ್ಕ ಬರೆಯುವುದನ್ನು ಬಿಟ್ಟಿರಲಿಲ್ಲ. ಬಸ್ ಚಾರ್ಜು, ಅಂಚೆ ಖರ್ಚು, ಪತ್ರಿಕೆಗೆ ಕೊಟ್ಟ ಚಿಲ್ಲರೆ ಎಲ್ಲವನ್ನೂ ಬರೆದು, ರಾತ್ರಿ ಮಲಗುವ ಮುಂಚೆ ತಾಳೆ ನೋಡುತ್ತಿದ್ದರು. ಓಡಾಟಕ್ಕೇ ಎಷ್ಟೊಂದು ಹೋಗುತ್ತಿದೆ ಎಂದು ತೋರಿಸಿದ್ದು ಆ ಲೆಕ್ಕವೇ. ಖರ್ಚನ್ನು ಅರ್ಧಕ್ಕೆ ಇಳಿಸಲು ತೀರ್ಮಾನಿಸಿ, ನಡೆದೇ ಹೋಗುವಷ್ಟು ದೂರದಲ್ಲಿ ರೂಮು ಹಿಡಿದರು. ದಿನಕ್ಕೆ ಎಂಟು ಹತ್ತು ಮೈಲಿ ನಡೆದರು. ಆಮೇಲೆ ಎರಡು ರೂಮು ಬಿಟ್ಟು ಒಂದಕ್ಕೆ ಬಂದರು. ಒಂದು ಸ್ಟವ್ ಕೊಂಡು, ಬೆಳಗ್ಗೆ ಓಟ್ಸ್ ಗಂಜಿ, ಕೋಕೋ. ರಾತ್ರಿ ಬ್ರೆಡ್, ಕೋಕೋ. ಮಧ್ಯಾಹ್ನದ ಊಟ ಮಾತ್ರ ಹೊರಗೆ. ದಿನಕ್ಕೆ ಒಂದು ಶಿಲ್ಲಿಂಗ್ ಮೂರು ಪೆನ್ಸ್‌ನಲ್ಲಿ ಹೊಟ್ಟೆ ತುಂಬುತ್ತಿತ್ತು. ಮುಂದೆ ಚಳವಳಿಗಳಲ್ಲಿ ಲಕ್ಷಾಂತರ ರೂಪಾಯಿ ಸಾರ್ವಜನಿಕ ಹಣವನ್ನು ಸಾಲವಾಗದಂತೆ ನಿಭಾಯಿಸಲು ಈ ಅಭ್ಯಾಸವೇ ಅವರಿಗೆ ನೆರವಾಯಿತು.

ನಾನೂ ಒಂದು ಚಿಕ್ಕ ನೋಟ್‌ಬುಕ್ ಇಟ್ಟೆ. ಹಣ ಯಾರಿಗೆ ಹೋಯಿತು ಅಂತ ಮೊಬೈಲ್ ತೋರಿಸುತ್ತೆ, ಯಾಕೆ ಹೋಯಿತು ಅಂತ ನಾನೇ ಬರೆಯಬೇಕು. ಮೊದಲ ವಾರವೇ ಗುಟ್ಟು ಬಯಲಾಯಿತು: ಪಿಜಿಯಿಂದ ಎರಡು ಕಿಲೋಮೀಟರ್ ದೂರದ ಕಾಲೇಜಿಗೆ ಆಟೊ ಖರ್ಚೇ 240 ರೂಪಾಯಿ! ಈಗ ಅರ್ಧ ಗಂಟೆ ಬೇಗ ಹೊರಟು ನಡೆಯುತ್ತಿದ್ದೇನೆ.

ಮೊನ್ನೆ ಅಕ್ಕನಿಗೆ ಫೋನ್ ಮಾಡಿ ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ 800 ರೂಪಾಯಿಯನ್ನೂ ಬರೆದಿದ್ದೀಯಾ ಅಂತ ಕೇಳಿದಳು. ಬರೆದಿದ್ದೆ, ಸಾಲ ಅಂತಲೇ. ಈ ತಿಂಗಳು 200 ತೀರಿಸಿದ್ದೇನೆ.